ಕರುಳಿನ ಶಸ್ತ್ರಚಿಕಿತ್ಸೆ ಕಲಿಸಿದವರಿಗೆ

ಕಳೆದ ವಾರ ನನ್ನ ಕೊಲೊರೆಕ್ಟಲ್ ಸರ್ಜರಿ, ಅಂದರೆ ದೊಡ್ಡ ಕರುಳು, ಗುದನಾಳಗಳ ಶಸ್ತ್ರಚಿಕಿತ್ಸೆಯ ಫೆಲೋಶಿಪ್ ಮುಗಿಯಿತು. ಎಂಬಿಬಿಎಸ್, ಮೂರು ವರ್ಷದ ಎಂಎಸ್, ಅದಾದ ಮೇಲೆ ಇದು. "ಹೆಣ್ಣುಮಗಳಿಗೆ ಬೇರೆ ಬ್ರಾಂಚ್ ಸಿಗಲಿಲ್ಲವಾ?" ಎಂದು ನೆಂಟರು ಕೇಳಿದಾಗಲೆಲ್ಲ ಅಮ್ಮನೇ ಉತ್ತರ ಕೊಟ್ಟಳು: "ಮಲದಲ್ಲಿ ರಕ್ತ ಹೋಗೋದನ್ನ ಯಾರಿಗೂ ಹೇಳದೆ ಕೂತಿರೋ ಹೆಂಗಸರು ನಮ್ಮೂರಲ್ಲೇ ಎಷ್ಟಿದಾರೆ ಗೊತ್ತಾ?" ಅಮ್ಮಾ, ಮೊದಲ ನಮಸ್ಕಾರ ನಿನಗೆ.

ನಮ್ಮ ಯೂನಿಟ್ಟಿನ ಸರ್‌ಗೆ ಏನು ಹೇಳಿದರೂ ಕಡಿಮೆ. ಗುದನಾಳದ ಕ್ಯಾನ್ಸರಿಗೆ ಗೆಡ್ಡೆಯಷ್ಟನ್ನೇ ತೆಗೆದರೆ ಸಾಲದು. ಸುತ್ತಲಿನ ಕೊಬ್ಬಿನ ಹೊದಿಕೆಯೂ ಹರಿಯದೆ ಇಡಿಯಾಗಿ ಬರಬೇಕು. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನಲ್ಲಿದ್ದ ಸರ್ಜನ್ ಬಿಲ್ ಹೀಲ್ಡ್ 1982ರಲ್ಲಿ ಬರೆದು ತೋರಿಸಿದ ದಾರಿ ಅದು. ಆ ಹೊದಿಕೆಗೆ ಅಂಟಿಕೊಂಡಂತೆಯೇ ಮೂತ್ರಕ್ಕೂ ದಾಂಪತ್ಯಕ್ಕೂ ಬೇಕಾದ ನರಗಳು ಹಾದುಹೋಗುತ್ತವೆ. ಸರ್ ತಾಸುಗಟ್ಟಲೆ ಎದುರು ನಿಂತು, ಹದವಾಗಿ ಎಳೆದು ಹಿಡಿದು, ಎರಡರ ನಡುವಿನ ನವಿರಾದ ಪದರ ಕಾಣುವವರೆಗೂ ಕಾಯುವುದನ್ನು ಕಲಿಸಿದರು. "ನಿಲ್ಲಮ್ಮ, ಮೊದಲು ನೋಡು" ಎನ್ನುವ ಅವರ ಮಾತು ಈಗಲೂ ಕಿವಿಯಲ್ಲಿದೆ. ತೆಗೆದ ಭಾಗಕ್ಕೆ ಶಾಯಿ ಹಚ್ಚಿ, ಹೊದಿಕೆ ಎಲ್ಲಿ ತೆಳುವಾಗಿದೆ ಎಂದು ಪ್ರತಿಸಲ ಕರೆದು ತೋರಿಸಿದ ಪೆಥಾಲಜಿ ಮೇಡಂಗೂ ನಾನು ಋಣಿ.

ಆದರೆ ಎಲ್ಲಕ್ಕಿಂತ ದೊಡ್ಡ ಋಣ ನಮ್ಮ ಸ್ಟೋಮಾ ಸಿಸ್ಟರ್‌ದು. ಕರುಳನ್ನು ಹೊಟ್ಟೆಯ ಮೇಲೆ ಹೊರತಂದು, ಮಲ ತುಂಬಿಕೊಳ್ಳುವ ಬ್ಯಾಗ್ ಕೂರಿಸುವ ಜಾಗವೇ ಸ್ಟೋಮಾ. ಆಪರೇಷನ್ನಿಗೆ ಮುಂಚೆಯೇ ಅದಕ್ಕೆ ಗುರುತು ಹಾಕಬೇಕು. ಮಲಗಿದಾಗ ಸಮತಟ್ಟಾಗಿ ಕಾಣುವ ಹೊಟ್ಟೆ ಕೂತರೆ ಮಡಿಕೆ ಬೀಳುತ್ತದೆ; ಮಡಿಕೆಯಲ್ಲಿ ಬ್ಯಾಗ್ ಸರಿಯಾಗಿ ಅಂಟದು, ಸೋರುತ್ತದೆ, ಚರ್ಮ ಉರಿಯುತ್ತದೆ. ಸಿಸ್ಟರ್ ಪ್ರತಿಯೊಬ್ಬರನ್ನೂ ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡುತ್ತಿದ್ದರು. ಸೀರೆಯ ನೆರಿಗೆ ಎಲ್ಲಿ ಸಿಕ್ಕಿಸ್ತೀರಿ? ಪಂಚೆ ಎಷ್ಟು ಮೇಲೆ ಕಟ್ತೀರಿ? ಕೊಡ ಯಾವ ಸೊಂಟದ ಮೇಲೆ ಇಟ್ಕೋತೀರಿ? ಇಷ್ಟೆಲ್ಲ ಕೇಳಿ, ಆ ಜಾಗ ರೋಗಿಯ ಕಣ್ಣಿಗೂ ಕಾಣುತ್ತದೆ, ಕೈಗೂ ಎಟುಕುತ್ತದೆ ಎಂದಾದ ಮೇಲೆಯೇ ಪೆನ್ನಿನಿಂದ ಒಂದು ಚುಕ್ಕೆ. ಮರುದಿನ ನಾನು ಬ್ಲೇಡ್ ಇಡುತ್ತಿದ್ದುದು ಆ ಚುಕ್ಕೆಯ ಮೇಲೆ.

ಸ್ಟೋಮಾ ಸಿಸ್ಟರ್‌ಗಳ ಈ ವೃತ್ತಿ ಹುಟ್ಟಿದ್ದೇ ಒಬ್ಬ ರೋಗಿಯಿಂದ. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಡಾ. ರೂಪರ್ಟ್ ಟರ್ನ್‌ಬುಲ್, ತಾವೇ ಚಿಕಿತ್ಸೆ ಮಾಡಿದ್ದ ನಾರ್ಮಾ ಗಿಲ್ ಅವರನ್ನು ಉಳಿದ ರೋಗಿಗಳ ಆರೈಕೆಗೆ ಸೇರಿಸಿಕೊಂಡರು. ನಮ್ಮ ವಾರ್ಡಿಗೂ ಅಂಥವರೊಬ್ಬರು ಇದ್ದರು: ಬ್ಯಾಗ್ ಹಾಕಿಕೊಂಡೇ ವರ್ಷಗಳಿಂದ ಕಿರಾಣಿ ಅಂಗಡಿ ನಡೆಸುತ್ತಿರುವ ಯಜಮಾನರು. ಬ್ಯಾಗ್ ಎಂದ ಕೂಡಲೇ ಆಪರೇಷನ್ನೇ ಬೇಡ ಎನ್ನುತ್ತಿದ್ದವರ ಮುಂದೆ ಅಂಗಿ ಎತ್ತಿ ತೋರಿಸಿ, "ಮದುವೆ ಮನೆ ಊಟಕ್ಕೂ ಹೋಗ್ತೀನಪ್ಪಾ" ಎನ್ನುತ್ತಿದ್ದರು. ನಾನು ಅರ್ಧ ಗಂಟೆ ಹೇಳಿದರೂ ಒಪ್ಪದವರು ಅವರ ಮಾತಿಗೆ ಒಪ್ಪುತ್ತಿದ್ದರು.

ಮುಂದಿನ ತಿಂಗಳಿಂದ ನಮ್ಮ ಜಿಲ್ಲೆಯಲ್ಲೇ ಕೆಲಸ. ಅಲ್ಲಿ ಸ್ಟೋಮಾ ಸಿಸ್ಟರ್ ಇಲ್ಲ. ಅಲ್ಲಿನ ಇಬ್ಬರು ಸ್ಟಾಫ್ ನರ್ಸ್‌ಗಳಿಗೆ ಗುರುತು ಹಾಕುವುದನ್ನು ಕಲಿಸಲು ನಮ್ಮ ಸಿಸ್ಟರ್ ರಜೆ ಹಾಕಿ ಬರಲು ಒಪ್ಪಿದ್ದಾರೆ, ಯಜಮಾನರೂ ಅದೇ ಬಸ್ಸಿಗೆ ಬರುತ್ತಾರಂತೆ. ಇಬ್ಬರಿಗೂ ಈಗಲೇ ನನ್ನ ನಮಸ್ಕಾರ.