ಕಾಯೋದು ಕಲಿಸಿದವರಿಗೆ

ನಿನ್ನೆಗೆ ನನ್ನ ಬೋಧನಾಭ್ಯಾಸ ಮುಗಿಯಿತು. ಕೊನೆಯ ಪಾಠ ಮುಗಿಸಿ ಬೋರ್ಡು ಒರೆಸುವಾಗ ಕೈ ಯಾಕೋ ನಿಧಾನವಾಯಿತು. ಯಾರಿಗೆಲ್ಲ ಥ್ಯಾಂಕ್ಸ್ ಹೇಳಬೇಕು ಅಂತ ರಾತ್ರಿ ಯೋಚಿಸುತ್ತಾ ಕೂತರೆ ಮನಸ್ಸು ಮತ್ತೆ ಮತ್ತೆ ಒಂದೇ ತರಗತಿಗೆ ಹೋಗುತ್ತಿತ್ತು.

ಮೊದಲ ವಾರ ತುಂಬಾ ಕಷ್ಟವಾಗಿತ್ತು. 40 ನಿಮಿಷದ ಪಾಠಕ್ಕೆ ಮೂರು ಪುಟ ಪಾಠ ಯೋಜನೆ ಬರೆಯುತ್ತಿದ್ದೆ, ಪ್ರತಿ ಪ್ರಶ್ನೆಯ ಕೆಳಗೆ ಮಕ್ಕಳು ಹೇಳಬೇಕಾದ ಉತ್ತರವನ್ನೂ ನಾನೇ ಬರೆದಿಟ್ಟುಕೊಳ್ಳುತ್ತಿದ್ದೆ. ಅವರು ಬೇರೇನಾದರೂ ಹೇಳಿದರೆ ಕೈಕಾಲು ಆಡುತ್ತಿರಲಿಲ್ಲ. ಒಂದು ದಿನ 1/3 ದೊಡ್ಡದಾ, 1/4 ದೊಡ್ಡದಾ ಅಂತ ಕೇಳಿದೆ. ಮುಂದಿನ ಬೆಂಚಿನ ಹುಡುಗಿ 1/4 ಅಂದಳು. ತಪ್ಪು ಅಂದೆ, ಸರಿ ಉತ್ತರ ನಾನೇ ಹೇಳಿದೆ, ಮುಂದೆ ಹೋದೆ. ಆಮೇಲೆ ಅವಳು ತಲೆ ಎತ್ತಲೇ ಇಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ನನ್ನ ಮಾರ್ಗದರ್ಶಕ ಮೇಡಂ ಕೊನೆಯ ಬೆಂಚಿನಲ್ಲಿ ಕೂತಿದ್ದರು. ಬೈಯಲಿಲ್ಲ. ಸುಮ್ನೆ ನೋಟ್‌ಬುಕ್ ನನ್ನ ಕಡೆ ತಿರುಗಿಸಿದರು. ಪ್ರತಿ ಪ್ರಶ್ನೆ ಕೇಳಿದ ಮೇಲೆ ನಾನು ಎಷ್ಟು ಸೆಕೆಂಡು ಕಾದೆ ಅಂತ ಬರೆದಿದ್ದರು. ಒಂದು, ಒಂದು, ಎರಡು, ಒಂದು. ಪುಟದ ತುಂಬಾ ಅಷ್ಟೇ. ಅಮೆರಿಕದ ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970ರ ದಶಕದಲ್ಲೇ ವಿಜ್ಞಾನ ತರಗತಿಗಳನ್ನು ರೆಕಾರ್ಡ್ ಮಾಡಿ ಇದನ್ನೇ ಕಂಡಿದ್ದರಂತೆ. ಶಿಕ್ಷಕರು ಕಾಯುವುದು ಹೆಚ್ಚೂಕಡಿಮೆ ಒಂದು ಸೆಕೆಂಡು. ಅದನ್ನು ಮೂರಕ್ಕೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಮಾತಾಡದ ಮಕ್ಕಳೂ ಬಾಯಿ ಬಿಡುತ್ತಾರೆ. ಉತ್ತರ ಬಂದ ಮೇಲೂ ಹಾಗೇ ಕಾಯಬೇಕು ಅಂತ ಮೇಡಂ ಹೇಳಿದರು. ಮೂರು ಸೆಕೆಂಡು ಏನು ಮಹಾ ಅನ್ನಿಸುತ್ತದೆ ಅಲ್ವಾ? ಅಷ್ಟು ಮುಖಗಳ ಎದುರು ಸುಮ್ಮನೆ ನಿಂತರೆ ಅದು ಎಷ್ಟು ಉದ್ದ ಅಂತ ಗೊತ್ತಾಗುತ್ತದೆ.

ಮರುದಿನ ಎಲ್ಲರಿಗೂ ಒಂದೇ ಅಳತೆಯ ಕಾಗದದ ಪಟ್ಟಿ ಕೊಟ್ಟು ಅದೇ ಪ್ರಶ್ನೆ ಕೇಳಿದೆ. ಆ ಹುಡುಗಿಯ ಹತ್ತಿರ ಹೋಗಿ, ನಿನ್ನೆ ನಿನಗೆ ಯಾಕೆ ಹಾಗನ್ನಿಸಿತು ಅಂದೆ. ಕಾದೆ. "ಮೂರಕ್ಕಿಂತ ನಾಲ್ಕು ಜಾಸ್ತಿ ಅಲ್ವಾ ಮಿಸ್" ಅಂದಳು. ಎಷ್ಟು ಸರಿಯಾದ ಕಾರಣ! ನಾನು ಅದನ್ನು ಕೇಳಿಸಿಕೊಂಡೇ ಇರಲಿಲ್ಲ. ಮತ್ತೆ ಕಾದೆ. ಅಲ್ಲಿಯವರೆಗೆ ಹಾಜರಿಗೆ ಬಿಟ್ಟು ಬೇರೆ ಮಾತೇ ಆಡದ ಒಬ್ಬ ಹುಡುಗ ಹಿಂದಿನಿಂದ ಎದ್ದು ಬಂದ. ಒಂದು ಪಟ್ಟಿಯನ್ನು ನಾಲ್ಕಾಗಿ ಮಡಚಿದ. ಇನ್ನೊಂದನ್ನು ಮೂರು ಸಮ ಮಾಡಲು ಎರಡು ಸಲ ಬಿಚ್ಚಿ ಮಡಚಿ, ಉಗುರಿನಿಂದ ಮಡಿಕೆ ತೀಡಿ, ಎರಡನ್ನೂ ಅಕ್ಕಪಕ್ಕ ಇಟ್ಟು ಅವಳಿಗೆ ಹೇಳಿದ: "ಜಾಸ್ತಿ ಜನಕ್ಕೆ ಹಂಚಿದ್ರೆ ಚೂರು ಚಿಕ್ಕದಾಗುತ್ತೆ ನೋಡು." ಅವಳು ನಂಬಲಿಲ್ಲ. ತನ್ನ ಪಟ್ಟಿ ತಾನೇ ಮಡಚಿ ನೋಡಿದಳು.

ಮೇಡಂ, ಆ ಪುಟಕ್ಕೆ ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆಯೇ. ಸಂಜೆ ಹೊತ್ತು ವಿದ್ಯಾರ್ಥಿಗಳ ಹಾಗೆ ಎದುರು ಕೂತು ನನ್ನ ಪಾಠ ಕೇಳಿದ ಗೆಳತಿಯರೇ, ನಿಮಗೂ. ಪಟ್ಟಿ ಮಡಚಿದ ಹುಡುಗನೇ, ನಿನಗೂ.

ನಿನ್ನೆ ಗಂಟೆ ಹೊಡೆಯುವ ಹೊತ್ತಿಗೆ ಆ ಹುಡುಗಿ ಕೈ ಎತ್ತಿದಳು. "ಹೀಗೇ ಚಿಕ್ಕದಾಗ್ತಾ ಹೋದ್ರೆ ಕೊನೆಗೆ ಏನೂ ಉಳಿಯಲ್ವಾ ಮಿಸ್?" ನನ್ನ ಪಾಠ ಯೋಜನೆಯಲ್ಲಿ ಎಲ್ಲೂ ಇಲ್ಲದ ಪ್ರಶ್ನೆ. ಅದಕ್ಕೆ ತುಂಬಾ ಥ್ಯಾಂಕ್ಸ್ ಪುಟ್ಟಿ.