ಕೂಸಿನ ನಾಲಿಗೆಯ ಕೆಳಗಿನ ಪೊರೆ: ಬಾಣಂತಿ ಮಗಳಿಗೊಂದು ಪತ್ರ

ದಾವಣಗೆರೆ

ಚಿರಂಜೀವಿ ಸೌಭಾಗ್ಯವತಿ ಮಗಳಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಕೂಸಿನ ನಾಲಿಗೆ ಅಂಟಿಕೊಂಡಿದೆ, ಈಗಲೇ ಬಿಡಿಸದಿದ್ದರೆ ಮುಂದೆ ಮಾತೇ ಬರುವುದಿಲ್ಲ ಎಂದು ಎರೆಯುವ ಅಜ್ಜಿ ಹೇಳಿದ ಮೇಲೆ ನೀನು ನಿದ್ದೆಗೆಟ್ಟಿರುವೆ ಎಂದು ನಿನ್ನ ಅವ್ವ ಚಳ್ಳಕೆರೆಯಿಂದ ಫೋನ್ ಮಾಡಿ ತಿಳಿಸಿದಳು. ಮಕ್ಕಳ ವಾರ್ಡಿನಲ್ಲಿ ನರ್ಸಾಗಿ ದುಡಿದು ನಿವೃತ್ತಳಾದ ನಾನು ಮೊದಲಿಗೇ ಹೇಳುವುದೆಂದರೆ, ಮೂರು ವಾರದ ಕೂಸಿನಲ್ಲಿ ಈಗ ನೋಡಬೇಕಾದದ್ದು ಅದು ಹಾಲು ಕುಡಿಯುವ ಬಗೆಯನ್ನು. ಮಾತಿನ ಚಿಂತೆಯನ್ನು ಇದರೊಳಗೆ ತರಬೇಡ.

ನಾಲಿಗೆಯ ಅಡಿಯಿಂದ ಬಾಯಿಯ ತಳಕ್ಕೆ ಒಂದು ತೆಳು ಪೊರೆ ಎಲ್ಲರಿಗೂ ಇರುತ್ತದೆ. ಕೆಲವು ಶಿಶುಗಳಲ್ಲಿ ಅದು ಗಿಡ್ಡವಾಗಿಯೋ ಬಿಗಿಯಾಗಿಯೋ ಇದ್ದು, ಕೆಲವೊಮ್ಮೆ ನಾಲಿಗೆಯ ತುದಿಯವರೆಗೂ ಬಂದು, ನಾಲಿಗೆಯನ್ನು ಮೇಲೆತ್ತಲು, ಹೊರಚಾಚಲು ಬಿಡುವುದಿಲ್ಲ. ಇದನ್ನೇ ಡಾಕ್ಟರುಗಳು ಟಂಗ್ ಟೈ ಎನ್ನುತ್ತಾರೆ. ಹೆಣ್ಣುಕೂಸುಗಳಿಗಿಂತ ಗಂಡುಕೂಸುಗಳಲ್ಲಿ ಹೆಚ್ಚು, ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಕಾಣಿಸಿಕೊಳ್ಳುವುದೂ ಉಂಟು. ಗ್ರಹಣದಲ್ಲಿ ನೀನು ಹೊರಗೆ ಬಂದದ್ದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ; ಯಾರಾದರೂ ಹಾಗೆಂದರೆ ಕಿವಿಗೆ ಹಾಕಿಕೊಳ್ಳಬೇಡ.

ಕೂಸು ಅಳುವಾಗ ಬೆಳಕಿನಲ್ಲಿ ಅದರ ಬಾಯಿಯನ್ನು ನೋಡು. ನಾಲಿಗೆಯ ತುದಿ ಮೇಲೇಳದೆ ನಡುವೆ ಕೆಳಕ್ಕೆ ಎಳೆದಂತಾಗಿ ಇಬ್ಭಾಗವಾದಂತೆ ಕಂಡರೆ ಪೊರೆ ಬಿಗಿಯಾಗಿದೆ ಎಂದು ತಿಳಿ. ಆದರೆ ಪೊರೆ ಕಂಡಿತೆಂದ ಮಾತ್ರಕ್ಕೆ ಕತ್ತರಿಸಬೇಕಾಗಿಲ್ಲ. ಅಂಥ ನಾಲಿಗೆಯಿಂದಲೇ ಸರಾಗವಾಗಿ ಹಾಲು ಕುಡಿದು ದುಂಡಗೆ ಬೆಳೆದ ಕೂಸುಗಳನ್ನು ವಾರ್ಡಿನಲ್ಲಿ ಸಾಕಷ್ಟು ಎತ್ತಿ ಆಡಿಸಿದ್ದೇನೆ.

ಕೂಸು ಸರಿಯಾಗಿ ಎದೆ ಹಿಡಿದಾಗ ಅದರ ನಾಲಿಗೆ ಕೆಳವಸಡನ್ನು ದಾಟಿ ಮುಂದೆ ಬಂದು, ತೊಟ್ಟನ್ನು ಅದರ ಸುತ್ತಲಿನ ಕಪ್ಪು ಭಾಗದೊಂದಿಗೆ ತಬ್ಬಿ ಹಿಡಿದು ಬಾಯಿಯ ಅಂಗುಳಕ್ಕೆ ಒತ್ತುತ್ತದೆ. ನಾಲಿಗೆ ಮುಂದೆ ಬಾರದಿದ್ದರೆ ವಸಡೇ ತೊಟ್ಟನ್ನು ಅಗಿಯುತ್ತದೆ. ಆಗ ತಾಯಿಗೆ ಪ್ರಾಣ ಹೋಗುವಷ್ಟು ನೋವು, ತೊಟ್ಟಿನಲ್ಲಿ ಬಿರುಕು. ಕೂಸು ಎದೆ ಬಿಟ್ಟಾಗ ತೊಟ್ಟು ಚಪ್ಪಟೆಯಾಗಿ, ಅಡ್ಡಲಾಗಿ ಬಿಳಿಗೆರೆ ಎದ್ದಿರುತ್ತದೆ. ಕುಡಿಯುವಾಗ ಹಿಡಿತ ತಪ್ಪಿ ಟಕ್ ಟಕ್ ಎಂಬ ಸದ್ದು ಬರುತ್ತದೆ, ಹಾಲು ಕಟವಾಯಿಯಿಂದ ಸೋರುತ್ತದೆ, ತಾಸುಗಟ್ಟಲೆ ಎದೆಗೆ ಅಂಟಿಕೊಂಡಿದ್ದರೂ ಹೊಟ್ಟೆ ತುಂಬದೆ ಕೂಸು ಮತ್ತೆ ಅಳುತ್ತದೆ. ಇದಕ್ಕಿಂತಲೂ ನನಗೆ ಆತಂಕ ತರುವುದು ಇನ್ನೊಂದಿದೆ. ಎದೆ ಖಾಲಿಯಾದಷ್ಟೂ ಹಾಲು ಊರುತ್ತದೆ. ಕೂಸು ಪೂರ್ತಿ ಎಳೆಯದಿದ್ದರೆ ಮೊದಲು ಹಾಲು ಕಟ್ಟಿ ಎದೆ ಬಾತು ಜ್ವರ ಬರಬಹುದು, ಆಮೇಲೆ ಹಾಲೇ ಕಡಿಮೆಯಾಗುತ್ತದೆ. ಆಗ ಮನೆಯವರು ‘ಇವಳಿಗೆ ಹಾಲಿಲ್ಲ’ ಎಂದು ಡಬ್ಬಿ ಹಾಲು ತಂದು ಬಾಟಲಿ ಹಿಡಿಸಿಬಿಡುತ್ತಾರೆ.

ಆದ್ದರಿಂದ ಮೊದಲು ತೂಕ ಮಾಡಿಸು. ಹುಟ್ಟಿದ ಮೇಲೆ ಇಳಿದ ತೂಕ ಸುಮಾರು ಎರಡು ವಾರದೊಳಗೆ ಮರಳಿ ಬಂದಿರಬೇಕು, ಅಲ್ಲಿಂದ ಮುಂದೆ ದಿನಕ್ಕೆ 20ರಿಂದ 30 ಗ್ರಾಂ ಏರುತ್ತಿರಬೇಕು, ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆಯಾಗಬೇಕು. ಆಶಾ ಕಾರ್ಯಕರ್ತೆ 42ನೆಯ ದಿನದವರೆಗೂ ಮನೆಗೆ ಬರಬೇಕಾದವಳು. ಅವಳ ಕೈಯಲ್ಲಿ ತೂಕ ಮಾಡಿಸಿ ತಾಯಿ ಕಾರ್ಡಿನಲ್ಲಿ ಬರೆಸಿಕೋ. ನೀನು ಹಾಲುಣಿಸುವುದನ್ನು ಅನುಭವವಿರುವ ನರ್ಸೊಬ್ಬರು ಪಕ್ಕದಲ್ಲಿ ಕುಳಿತು ಪೂರ್ತಿ ನೋಡಲಿ, ಏಕೆಂದರೆ ಎಷ್ಟೋ ಸಲ ನೋವಿಗೆ ಕಾರಣ ಪೊರೆಯಲ್ಲ, ಕೂಸನ್ನು ಹಿಡಿಯುವ ಭಂಗಿ. ಕೂಸಿನ ಹೊಟ್ಟೆ ನಿನ್ನ ಹೊಟ್ಟೆಗೆ ತಾಗುವಂತೆ ತಿರುಗಿಸಿ, ಬಾಯಿ ಅಗಲವಾಗಿ ತೆರೆದಾಗ ಗದ್ದ ಮೊದಲು ಎದೆಗೆ ತಾಗುವಂತೆ ಹಚ್ಚಿಕೋ. ಎಳೆಯಲಾರದೆ ಉಳಿದ ಹಾಲನ್ನು ಕೈಯಿಂದ ಹಿಂಡಿ ತೆಗೆದು, ಕುದಿಸಿದ ಒಳಲೆಯಲ್ಲಿ ಆಗಿಂದಾಗ ಕುಡಿಸು. ನಮ್ಮ ಬಯಲುಸೀಮೆಯ ಸೆಕೆಯಲ್ಲಿ ಅದನ್ನು ಹೊರಗೆ ಇಡಬೇಡ.

ಇಷ್ಟಾದರೂ ನೋವು ಇಳಿಯದೆ, ತೂಕ ಏರದೆ ಹೋದರೆ ಚಿತ್ರದುರ್ಗದ ಜಿಲ್ಲಾಸ್ಪತ್ರೆಗಾಗಲಿ, ಇಲ್ಲಿನ ಬಾಪೂಜಿ ಮಕ್ಕಳ ಆಸ್ಪತ್ರೆಗಾಗಲಿ ತೋರಿಸೋಣ. ಕತ್ತರಿಸಬೇಕೆಂದು ಅವರು ಹೇಳಿದರೆ ಹೆದರಬೇಡ. ಕೂಸನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು, ನಾಲಿಗೆ ಎತ್ತಿ, ಶುದ್ಧೀಕರಿಸಿದ ಕತ್ತರಿಯಿಂದ ಆ ತೆಳು ಪೊರೆಯನ್ನಷ್ಟೇ ಬಿಡಿಸುತ್ತಾರೆ. ಇಷ್ಟು ಎಳೆಯ ಕೂಸಿಗೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಬೇಕಾಗುವುದಿಲ್ಲ, ರಕ್ತ ಬರುವುದು ಕೆಲವೇ ಹನಿ, ಕೂಡಲೇ ಎದೆಗೆ ಹಚ್ಚಬಹುದು. ಮಾರನೆಯ ದಿನ ಆ ಜಾಗದಲ್ಲಿ ಬೆಳ್ಳಗೆ ಕಂಡರೆ ಅದು ಕೀವಲ್ಲ, ಗಾಯ ಮಾಯುವ ಲಕ್ಷಣ. ಹುಟ್ಟಿದಾಗ ವಿಟಮಿನ್ ಕೆ ಚುಚ್ಚುಮದ್ದು ಕೊಟ್ಟಿದ್ದಾರೆಯೇ, ನಿಮ್ಮಿಬ್ಬರ ಮನೆತನದಲ್ಲಿ ಯಾರಿಗಾದರೂ ರಕ್ತ ನಿಲ್ಲದ ಕಾಯಿಲೆ ಇದೆಯೇ ಎಂಬುದನ್ನು ಮೊದಲೇ ಹೇಳಬೇಕು. ಅಪರೂಪಕ್ಕೆ ಹೆಚ್ಚು ರಕ್ತ ಹೋಗುವುದು, ನಂಜಾಗುವುದು, ಪೊರೆ ಮತ್ತೆ ಕೂಡಿಕೊಳ್ಳುವುದು ಉಂಟು. ಆದ್ದರಿಂದಲೇ ಉಗುರಿನಿಂದಲೋ ಬ್ಲೇಡಿನಿಂದಲೋ ಮನೆಯಲ್ಲಿ ಹರಿಯಲು ಯಾರಿಗೂ ಬಿಡಕೂಡದು. ಆ ಅಜ್ಜಿಯ ಎಣ್ಣೆನೀರಿನ ಕೈಗುಣದ ಬಗ್ಗೆ ನನಗೆ ಗೌರವವಿದೆ, ಆದರೆ ಈ ಕೆಲಸ ಅವರದಲ್ಲ.

ಇದರಿಂದ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ವೈದ್ಯಕೀಯ ಪ್ರಯೋಗಗಳ ಫಲಿತಾಂಶಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2017ರಲ್ಲಿ 302 ಶಿಶುಗಳ ಮೇಲಿನ 5 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಪೊರೆ ಬಿಡಿಸಿದ ಮೇಲೆ ತಾಯಿಯ ನೋವು ಆ ಸದ್ಯಕ್ಕೆ ಕಡಿಮೆಯಾದದ್ದು ಕಂಡಿತು. ಶಿಶು ಹಾಲು ಕುಡಿಯುವ ರೀತಿ ಮಾತ್ರ ಎಲ್ಲ ಪ್ರಯೋಗಗಳಲ್ಲೂ ಒಂದೇ ಸಮನೆ ಸುಧಾರಿಸಲಿಲ್ಲ. ಆದ್ದರಿಂದ ತುಟಿಯ ಪೊರೆ, ಕೆನ್ನೆಯ ಪೊರೆ ಎಂದು ಅದನ್ನೂ ಕತ್ತರಿಸಲು ಯಾರಾದರೂ ಹೇಳಿದರೆ ಒಪ್ಪಬೇಡ.

ಇನ್ನು ಮಾತಿನ ವಿಷಯ. ನಾಲಿಗೆಯ ಪೊರೆ ಬಿಗಿಯಾಗಿದ್ದ ಮಾತ್ರಕ್ಕೆ ಮಾತು ತಡವಾಗುವುದಿಲ್ಲ, ಉಗ್ಗೂ ಬರುವುದಿಲ್ಲ. ಕೆಲವು ಮಕ್ಕಳಿಗೆ ನಾಲಿಗೆಯ ತುದಿ ಎತ್ತಿ ನುಡಿಯುವ ಲ, ರ, ನ, ಳ ಮುಂತಾದ ಅಕ್ಷರಗಳು ಸ್ಪಷ್ಟವಾಗದಿರಬಹುದು, ಆದರೆ ಬಹುಪಾಲು ಮಕ್ಕಳ ನಾಲಿಗೆ ತಾನೇ ದಾರಿ ಕಂಡುಕೊಳ್ಳುತ್ತದೆ. ಮುಂದೆ ಮಾತು ಬರುವ ವಯಸ್ಸಿನಲ್ಲಿ ಬಾರದಿದ್ದರೆ ಮೊದಲು ಪರೀಕ್ಷಿಸಬೇಕಾದದ್ದು ಕಿವಿಯನ್ನು. ನಾಲ್ಕೈದು ವರ್ಷವಾದರೂ ಉಚ್ಚಾರ ಅಸ್ಪಷ್ಟವಾಗಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತೋರಿಸಿದರಾಯಿತು. ಕತ್ತರಿಸಬೇಕೋ, ಅಭ್ಯಾಸದಿಂದ ಸರಿಹೋಗುವುದೋ ಎಂದು ಅವರು ಹೇಳುತ್ತಾರೆ. ಮಾತು ಬೇಗ ಬರಲೆಂದು ಈಗ ನಾಲಿಗೆಗೆ ಬಜೆ ತೇಯ್ದು ಹಚ್ಚುವುದು, ಜೇನುತುಪ್ಪ ನೆಕ್ಕಿಸುವುದು ಖಂಡಿತ ಬೇಡ. ಒಂದು ವರ್ಷದೊಳಗಿನ ಕೂಸಿಗೆ ಜೇನು ಅಪಾಯಕಾರಿ, ಆರು ತಿಂಗಳವರೆಗೆ ನಿನ್ನ ಹಾಲೊಂದೇ ಸಾಕು.

ಈ ಸೋಮವಾರ ತೂಕ ಮಾಡಿಸಿ ಹುಟ್ಟಿದಾಗಿನ ತೂಕವನ್ನೂ ಈಗಿನದನ್ನೂ ನನಗೆ ತಿಳಿಸು. ತೂಕ ಏರಿರದಿದ್ದರೆ ಮಂಗಳವಾರ ಬೆಳಗಿನ ಬಸ್ಸಿಗೆ ಅವ್ವನನ್ನೂ ಕರೆದುಕೊಂಡು ಹೊರಡು. ಚಿತ್ರದುರ್ಗಕ್ಕೆ ನಾನೇ ಬರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ