ಗೆಳೆಯನಿಗೊಂದು ಪತ್ರ: ಕಾಲುವೆಗೆ ಬಿದ್ದ ನಿಂಬೆಹಣ್ಣು

ಪ್ರೀತಿಯ ಗೆಳೆಯಾ,

ಮಕ್ಕಳನ್ನ ಹೊರಗೆ ಕರ್ಕೊಂಡು ಹೋಗಿ ಪಾಠ ಮಾಡೋಣ ಅಂದ್ರೆ ಬಸ್ಸಿನ ಬಾಡಿಗೆ ಹೊಂದಿಸೋದೇ ತಲೆನೋವು ಅಂತ ನೀನು ಬರೆದಿದ್ದೆ. ಬಸ್ಸು ಯಾಕೋ? ನಡೆದು ಹೋಗೋ ದೂರದಲ್ಲಿ ಏನಿದೆ ಅಂತ ನೋಡು.

ನಮ್ಮ ಮಂಡ್ಯದ ಮಕ್ಕಳಿಗೆ ಕನ್ನಂಬಾಡಿ ಕಟ್ಟೆ ತುಂಬೋದು 124.80 ಅಡಿಗೆ ಅನ್ನೋದು ಬಾಯಿಪಾಠ. ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಅಂತ ಪೇಪರ್ ಓದ್ಕೊಂಡೇ ಬೆಳೆದವರು. ಆದ್ರೆ ಒಂದು ಕ್ಯೂಸೆಕ್ ಅಂದ್ರೆ ಎಷ್ಟು ನೀರು ಅಂತ ಕೇಳಿದ್ರೆ ತರಗತಿಗೆ ತರಗತಿಯೇ ಗಪ್‌ಚುಪ್. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದ್ರೆ ಅದೇ ಒಂದು ಕ್ಯೂಸೆಕ್ ಅಷ್ಟೇ.

ಶಾಲೆ ಹಿಂದಿನ ಗದ್ದೆ ಕಾಲುವೆಗೆ ಕರ್ಕೊಂಡು ಹೋದೆ. ಮೊಣಕಾಲುದ್ದವೂ ನೀರಿಲ್ಲದ ಕಾಲುವೆ ಅದು. ದೊಡ್ಡ ನಾಲೆ ಹತ್ರ ಮಾತ್ರ ಮಕ್ಕಳನ್ನ ಬಿಡಬೇಡ. ನಮ್ಮ ಕಾಲುವೆ ಅಗಲ ಮೂರಡಿ, ನೀರಿನ ಆಳ ಒಂದಡಿ. ಇಪ್ಪತ್ತು ಅಡಿ ದೂರಕ್ಕೆ ಎರಡು ಗೂಟ ನೆಟ್ಟು ನಿಂಬೆಹಣ್ಣು ಬಿಟ್ವಿ. ದಾಟೋಕೆ 16 ಸೆಕೆಂಡು. ಅಂದ್ರೆ ಸೆಕೆಂಡಿಗೆ ಒಂದೂಕಾಲು ಅಡಿ. ಅಗಲ, ಆಳ, ವೇಗ ಮೂರನ್ನೂ ಗುಣಿಸಿದ್ರೆ 3.75 ಬಂತು. ‘ತಳದ ನೀರು ಮಣ್ಣಿಗೆ ಉಜ್ಕೊಂಡು ನಿಧಾನಕ್ಕೆ ಹೋಗುತ್ತಲ್ವಾ ಸಾರ್?’ ಅಂದಳು ಒಬ್ಬಳು. ಅದಕ್ಕೇ 0.85ರಿಂದ ಗುಣಿಸೋದು ಅಂದೆ. ಸುಮಾರು 3.2 ಕ್ಯೂಸೆಕ್, ಸೆಕೆಂಡಿಗೆ 90 ಲೀಟರು!

ಅಷ್ಟರಲ್ಲಿ ಗದ್ದೆಗಳಿಗೆ ನೀರು ಬಿಡೋ ನೀರುಗಂಟಿ ಬಂದ. ‘ಅದೆಲ್ಲ ಇರ್ಲಿ, ಎಕರೆ ಗದ್ದೇಲಿ ಒಂದಂಗುಲ ನೀರು ನಿಲ್ಲೋಕೆ ಎಷ್ಟೊತ್ತು ಬೇಕು ಹೇಳ್ರಪ್ಪ’ ಅಂದ. ಪುಸ್ತಕದಲ್ಲಿ ಇಂಥ ಪ್ರಶ್ನೆ ಎಲ್ಲಿರುತ್ತೆ ಹೇಳು! ಎಕರೆಗೆ 43,560 ಚದರಡಿ, ಅದರ ಮೇಲೆ ಒಂದಂಗುಲ ಅಂದ್ರೆ 3,630 ಘನ ಅಡಿ. ಒಂದು ಕ್ಯೂಸೆಕ್ ಗಂಟೆ ಹೊತ್ತು ಹರಿದ್ರೆ 3,600. ಹೆಚ್ಚುಕಮ್ಮಿ ಅಷ್ಟೇ! ನಮ್ಮ ಕಾಲುವೆಗೆ 19 ನಿಮಿಷ ಸಾಕು ಅಂತ ಹುಡುಗರು ಕೂಗಿದ್ರು. ಆತ ನಕ್ಕ. ‘ಒಣಗಿದ ಗದ್ದೆ ಮೊದ್ಲು ತಾನು ಕುಡೀತದೆ, ಆಮೇಲೆ ನಿಲ್ಲಿಸ್ಕೊಳ್ತದೆ.’ ಮರುದಿನದ ಪಾಠ ಮಣ್ಣಿನದಾಯ್ತು, ನಾನು ಯೋಜನೆ ಹಾಕಿರಲೇ ಇಲ್ಲ.

ಆಲೆಮನೆಯೂ ಹಾಗೇ. ಕುದಿಯೋ ಕಬ್ಬಿನ ಹಾಲಿಗೆ ಸುಣ್ಣ ಯಾಕೆ ಹಾಕ್ತಾರೆ ಅಂತ ಕೇಳಿಸಿದ್ರೆ ಆಮ್ಲ-ಪ್ರತ್ಯಾಮ್ಲ ಪಾಠ ಅರ್ಧ ಮುಗೀತು. ಇನ್ನರ್ಧ ಬಿಸಿ ಬೆಲ್ಲ ತಿನ್ನೋದ್ರಲ್ಲಿ ಹೋಗುತ್ತೆ, ಹೋಗಲಿ ಬಿಡು.

ನಿನಗೆ ಮೈಸೂರಲ್ಲಿ ಕುಕ್ಕರಹಳ್ಳಿ ಕೆರೆ ಇದೆ. ವಾರಕ್ಕೊಮ್ಮೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ನಿಂತು ಹೆಜ್ಜಾರ್ಲೆ (ಪೆಲಿಕನ್) ಎಣಿಸಲಿ. ಹಕ್ಕಿಗಳ ಹೆಸರು ಬರೆಸೋ ಪಟ್ಟಿ ಮಾತ್ರ ಕೊಡಬೇಡ, ಮಕ್ಕಳು ಒಬ್ಬರದ್ದು ಒಬ್ಬರು ನೋಡಿ ಗೀಚ್ತಾರೆ.

ಕಾಲುವೆಗೆ ಮುಂದಿನ ಸರದಿಯ ನೀರು ಬಿಟ್ಟಾಗ ಫೋನ್ ಮಾಡ್ತೀನಿ. ಬಂದು ನೀರುಗಂಟಿ ಹತ್ರ ನೀನೇ ಮಾತಾಡು.

ನಿನ್ನ,
ಮಂಡ್ಯದ ಮೇಷ್ಟ್ರು